ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ (ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ) ನಂತರದ ಚೇತರಿಕೆ ಎಂದರೆ ತೀವ್ರ ಸ್ಥೂಲಕಾಯದ ಚಿಕಿತ್ಸೆಗಾಗಿ ಜಠರ ಅಥವಾ ಕರುಳಿನ ರಚನೆಯನ್ನು ಬದಲಿಸಿದ ಬಳಿಕ ದೇಹವು ಹೊಸ ಜೀರ್ಣವ್ಯವಸ್ಥೆಗೆ ಹೊಂದಿಕೊಳ್ಳುವ ಅವಧಿ. ಹೊಟ್ಟೆಯ ಮೇಲಿನ ಗಾಯಗಳು ಕೆಲವು ವಾರಗಳಲ್ಲಿ ಮಾಯುತ್ತವೆ. ಸಾಮಾನ್ಯ ಆಹಾರಕ್ಕೆ ಮರಳಲು ಸುಮಾರು ಎರಡು ತಿಂಗಳು, ತೂಕ ಒಂದು ಮಟ್ಟಕ್ಕೆ ಬಂದು ನಿಲ್ಲಲು ಒಂದರಿಂದ ಎರಡು ವರ್ಷ ಬೇಕಾಗುತ್ತದೆ. ಜೀವಸತ್ವ ಮತ್ತು ಖನಿಜಗಳ ಸೇವನೆ ಹಾಗೂ ರಕ್ತಪರೀಕ್ಷೆಗಳು ಜೀವನಪರ್ಯಂತ ಮುಂದುವರಿಯಬೇಕು. ಈ ಚಿಕಿತ್ಸೆಯ ಗಂಭೀರ ತೊಡಕುಗಳಲ್ಲಿ ಕೆಲವು ಮೊದಲ ದಿನಗಳಲ್ಲಿಯೂ, ಇನ್ನು ಕೆಲವು ರೋಗಿಯು ತಾನು ಪೂರ್ಣ ಗುಣಮುಖನಾದೆನೆಂದು ಭಾವಿಸಿದ ಎಷ್ಟೋ ವರ್ಷಗಳ ನಂತರವೂ ಕಾಣಿಸಿಕೊಳ್ಳುತ್ತವೆ.

ಹಿನ್ನೆಲೆ

ಸ್ಥೂಲಕಾಯಕ್ಕೆ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಆರಂಭಿಸಿದರು. ಆಗ ಹೊಟ್ಟೆಯನ್ನು ಉದ್ದವಾಗಿ ಕೊಯ್ಯಬೇಕಾಗಿತ್ತು. 1990ರ ದಶಕದಿಂದ ಲ್ಯಾಪರೊಸ್ಕೋಪಿ ವಿಧಾನ, ಅಂದರೆ ಸಣ್ಣ ರಂಧ್ರಗಳ ಮೂಲಕ ನಡೆಸುವ ಶಸ್ತ್ರಚಿಕಿತ್ಸೆ ಬಳಕೆಗೆ ಬಂದ ನಂತರ ನೋವು, ಗಾಯದ ಸೋಂಕು ಮತ್ತು ಆಸ್ಪತ್ರೆಯಲ್ಲಿ ಉಳಿಯುವ ದಿನಗಳು ಕಡಿಮೆಯಾದವು.

ಇಂದು ಎರಡು ವಿಧಾನಗಳು ಹೆಚ್ಚು ಪ್ರಚಲಿತವಾಗಿವೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು ಶೇ. 75ರಿಂದ 80ರಷ್ಟು ಭಾಗವನ್ನು ತೆಗೆದುಹಾಕಿ, ಉಳಿದದ್ದನ್ನು ಕಿರಿದಾದ ಕೊಳವೆಯಂತೆ ಮಾಡಲಾಗುತ್ತದೆ. ರೂ-ಎನ್-ವೈ ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಚಿಕ್ಕ ಚೀಲವನ್ನು ರಚಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸಲಾಗುತ್ತದೆ. ಎರಡರಲ್ಲಿಯೂ ಸೇವಿಸಬಲ್ಲ ಆಹಾರದ ಪ್ರಮಾಣ ತಗ್ಗುವುದಲ್ಲದೆ ಹಸಿವು ಮತ್ತು ತೃಪ್ತಿಯನ್ನು ನಿಯಂತ್ರಿಸುವ ಹಾರ್ಮೋನುಗಳೂ ಬದಲಾಗುತ್ತವೆ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಅನೇಕರಿಗೆ ಹಸಿವೇ ಆಗುವುದಿಲ್ಲ. ಹಸಿವಿಲ್ಲವೆಂದು ಊಟ ಬಿಡದೆ, ನಿಗದಿತ ವೇಳೆಗೆ ನಿಗದಿತ ಪ್ರಮಾಣದಲ್ಲಿ ಸೇವಿಸಬೇಕಾಗುತ್ತದೆ.

ಆಸ್ಪತ್ರೆಯ ದಿನಗಳು

ತೊಡಕುಗಳಿಲ್ಲದಿದ್ದರೆ ರೋಗಿಯು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಆಸ್ಪತ್ರೆಯಲ್ಲಿರುತ್ತಾನೆ. ಶಸ್ತ್ರಚಿಕಿತ್ಸೆ ನಡೆದ ದಿನವೇ ಎಬ್ಬಿಸಿ ನಡೆಸಲಾಗುತ್ತದೆ. ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಸಾಗುವುದು ಈ ಅವಧಿಯ ದೊಡ್ಡ ಅಪಾಯಗಳಲ್ಲೊಂದು. ಅದನ್ನು ತಡೆಯಲು ನಡಿಗೆಯ ಜೊತೆಗೆ ಹೆಪಾರಿನ್ ಚುಚ್ಚುಮದ್ದು ಮತ್ತು ಕಾಲುಗಳನ್ನು ಒತ್ತಿ ಹಿಡಿಯುವ ಸಾಧನಗಳನ್ನು ಬಳಸುತ್ತಾರೆ. ಹೊಟ್ಟೆಯನ್ನು ಉಬ್ಬಿಸಲು ತುಂಬಿದ ಇಂಗಾಲದ ಡೈಆಕ್ಸೈಡ್‌ನಿಂದಾಗಿ ಕೆಲವು ದಿನ ಭುಜದಲ್ಲಿ ನೋವಿರಬಹುದು. ಇದು ದಿನದಿಂದ ದಿನಕ್ಕೆ ತಗ್ಗುತ್ತದೆ. ವಾಕರಿಕೆ, ಸುಸ್ತು ಮತ್ತು ಗಾಯದ ಬಳಿ ನೋವು ಸಾಮಾನ್ಯ.

ಮನೆಗೆ ಮರಳಿದ ನಂತರ

ಮೊದಲ ಎರಡು ವಾರಗಳಲ್ಲಿ ದಣಿವು ಹೆಚ್ಚು. ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪ ದೂರ ನಡೆದು, ಕ್ರಮೇಣ ಅವಧಿಯನ್ನು ಹೆಚ್ಚಿಸಲು ಸೂಚಿಸಲಾಗುತ್ತದೆ. ಕುಳಿತು ಮಾಡುವ ಕೆಲಸಕ್ಕೆ ಎರಡರಿಂದ ನಾಲ್ಕು ವಾರಗಳಲ್ಲಿ ಮರಳಬಹುದು. ಬಿಂದಿಗೆ ಹೊರುವುದು, ಮಕ್ಕಳನ್ನು ಎತ್ತುವುದು ಮುಂತಾದ ಭಾರದ ಕೆಲಸಗಳನ್ನು ನಾಲ್ಕರಿಂದ ಆರು ವಾರ ಮಾಡಬಾರದು. ತೀವ್ರ ನೋವುನಿವಾರಕಗಳನ್ನು ಸೇವಿಸುತ್ತಿರುವವರೆಗೆ ವಾಹನ ಚಲಾಯಿಸಬಾರದು.

ಆಹಾರದ ಹಂತಗಳು

ಹೊಲಿಗೆಯ ಮೇಲೆ ಒತ್ತಡ ಬೀಳದಂತೆ ಆಹಾರವನ್ನು ಹಂತಹಂತವಾಗಿ ಗಟ್ಟಿಗೊಳಿಸಲಾಗುತ್ತದೆ. ಅವಧಿಯು ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆಯಾದರೂ ಸಾಮಾನ್ಯ ಕ್ರಮ ಹೀಗಿದೆ:

- ಮೊದಲ ಒಂದೆರಡು ದಿನ: ನೀರು, ತಿಳಿಸಾರು, ಸೋಸಿದ ಬೇಳೆಕಟ್ಟು ಮುಂತಾದ ತಿಳಿ ದ್ರವಗಳು.
- ಎರಡನೆಯ ವಾರದವರೆಗೆ: ಕೆನೆ ತೆಗೆದ ಹಾಲು, ಮಜ್ಜಿಗೆ, ಪ್ರೋಟೀನ್ ಪುಡಿ ಬೆರೆಸಿದ ಪಾನೀಯ.
- ಮೂರು ಮತ್ತು ನಾಲ್ಕನೆಯ ವಾರ: ನುಣ್ಣಗೆ ಅರೆದ ಬೇಳೆ, ತರಕಾರಿ, ಮೊಸರು, ಮೊಟ್ಟೆ.
- ಐದು ಮತ್ತು ಆರನೆಯ ವಾರ: ಮೆತ್ತಗೆ ಬೇಯಿಸಿದ ಆಹಾರ, ಪನೀರ್, ಮೀನು.
- ಆ ನಂತರ: ಚಿಕ್ಕ ಪ್ರಮಾಣದಲ್ಲಿ ಸಾಮಾನ್ಯ ಆಹಾರ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಮತ್ತು ಒಂದೂವರೆ ಲೀಟರ್ ದ್ರವ ಸೇವಿಸುವುದು ಗುರಿ. ಪ್ರೋಟೀನ್ ಸಾಲದಿದ್ದರೆ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ. ಅನ್ನ, ರೊಟ್ಟಿ ಅಥವಾ ಮುದ್ದೆಯೇ ಪ್ರಧಾನವಾದ ಊಟದಲ್ಲಿ ಚಿಕ್ಕ ಜಠರವು ಪಿಷ್ಟದಿಂದಲೇ ತುಂಬಿಬಿಡುವುದರಿಂದ, ಬೇಳೆ, ಕಾಳು, ಮೊಸರು, ಸೋಯಾ, ಮೊಟ್ಟೆ ಅಥವಾ ಮಾಂಸವನ್ನು ಮೊದಲು ತಿನ್ನಬೇಕು. ಪ್ರತಿ ತುತ್ತನ್ನೂ ಚೆನ್ನಾಗಿ ಅಗಿಯುವುದು ಅವಶ್ಯಕ. ರಾಗಿಮುದ್ದೆಯನ್ನು ಅಗಿಯದೆ ನುಂಗುವುದು ಕರ್ನಾಟಕದಲ್ಲಿ ರೂಢಿ. ಶಸ್ತ್ರಚಿಕಿತ್ಸೆಯ ನಂತರ ಈ ಅಭ್ಯಾಸವನ್ನು ಬಿಡಬೇಕಾಗುತ್ತದೆ. ಊಟದ ಜೊತೆಗೆ ನೀರು ಕುಡಿಯದೆ, ಊಟವಾಗಿ ಅರ್ಧ ಗಂಟೆಯ ನಂತರ ಗುಟುಕು ಗುಟುಕಾಗಿ ಕುಡಿಯಬೇಕು. ಹೊಟ್ಟೆ ತುಂಬಿದೆ ಎನಿಸಿದ ಕೂಡಲೇ ನಿಲ್ಲಿಸಬೇಕು. ಆ ಬಳಿಕ ತಿಂದ ಒಂದು ತುತ್ತೂ ವಾಂತಿಗೆ ಕಾರಣವಾಗಬಹುದು.

ತೂಕ ಇಳಿಯುವ ಕ್ರಮ

ಮೊದಲ ಆರು ತಿಂಗಳಲ್ಲಿ ತೂಕ ವೇಗವಾಗಿ ಇಳಿದು, ನಂತರ ನಿಧಾನವಾಗುತ್ತದೆ. ಒಂದೆರಡು ವರ್ಷಗಳಲ್ಲಿ ಸ್ಲೀವ್ ಚಿಕಿತ್ಸೆಯಿಂದ ಮೂಲ ತೂಕದ ಸುಮಾರು ಶೇ. 25ರಷ್ಟು, ಬೈಪಾಸ್‌ನಿಂದ ಸುಮಾರು ಶೇ. 30ರಷ್ಟು ಇಳಿಯುವುದು ಸಾಮಾನ್ಯ. ಇಳಿಕೆಯು ಸಮವಾಗಿರುವುದಿಲ್ಲ, ಮೊದಲ ತಿಂಗಳುಗಳಲ್ಲಿಯೇ ಕೆಲವು ವಾರ ತೂಕ ಕದಲದೆ ನಿಲ್ಲಬಹುದು. ಎರಡು ವರ್ಷಗಳ ನಂತರ ಸ್ವಲ್ಪ ತೂಕ ಮರಳುವುದೂ ನಿರೀಕ್ಷಿತವೇ. ಇದನ್ನು ಚಿಕಿತ್ಸೆಯ ವೈಫಲ್ಯವೆಂದು ಭಾವಿಸಿ, ಸಂಕೋಚದಿಂದ ವೈದ್ಯರ ಭೇಟಿಯನ್ನೇ ನಿಲ್ಲಿಸುವವರಿದ್ದಾರೆ. ಹಾಗೆ ನಿಲ್ಲಿಸಿದಾಗ ಪೋಷಕಾಂಶಗಳ ಪರೀಕ್ಷೆಯೂ ತಪ್ಪಿಹೋಗುತ್ತದೆ.

ಸಾಮಾನ್ಯ ತೊಂದರೆಗಳು

ಡಂಪಿಂಗ್ ಸಿಂಡ್ರೋಮ್: ಸಿಹಿ ಪದಾರ್ಥವು ವೇಗವಾಗಿ ಸಣ್ಣ ಕರುಳನ್ನು ಸೇರಿದಾಗ, ತಿಂದ ಒಂದು ಗಂಟೆಯೊಳಗೆ ಹೊಟ್ಟೆನುಲಿತ, ಭೇದಿ, ಎದೆಬಡಿತ, ಬೆವರು ಮತ್ತು ತಲೆಸುತ್ತು ಉಂಟಾಗುತ್ತವೆ. ಒಂದರಿಂದ ಮೂರು ಗಂಟೆಗಳ ನಂತರ ರಕ್ತದ ಸಕ್ಕರೆ ಕುಸಿಯುವುದು ಇದರ ತಡವಾದ ರೂಪ. ಇದು ಬೈಪಾಸ್ ಆದವರಲ್ಲಿ ಹೆಚ್ಚು.

ಕೂದಲು ಉದುರುವಿಕೆ: ಮೂರರಿಂದ ಆರನೆಯ ತಿಂಗಳ ನಡುವೆ ಕಾಣಿಸಿಕೊಂಡು, ಬಹುಪಾಲು ತಾನಾಗಿಯೇ ಸರಿಹೋಗುತ್ತದೆ. ದೀರ್ಘಕಾಲ ಮುಂದುವರಿದರೆ ಕಬ್ಬಿಣ, ಸತು ಅಥವಾ ಪ್ರೋಟೀನ್ ಕೊರತೆಯನ್ನು ಪರೀಕ್ಷಿಸಬೇಕು.

ಪಿತ್ತಕೋಶದ ಕಲ್ಲು: ತೂಕ ವೇಗವಾಗಿ ಇಳಿಯುವಾಗ ಕಲ್ಲುಗಳಾಗುವ ಸಂಭವ ಹೆಚ್ಚು. ಇದನ್ನು ತಡೆಯಲು ಅನೇಕ ವೈದ್ಯರು ಆರು ತಿಂಗಳ ಕಾಲ ಅರ್ಸೊಡಿಆಕ್ಸಿಕೋಲಿಕ್ ಆಮ್ಲವನ್ನು ಕೊಡುತ್ತಾರೆ.

ಇವಲ್ಲದೆ ಮಲಬದ್ಧತೆ, ಸ್ಲೀವ್ ಚಿಕಿತ್ಸೆಯ ನಂತರದ ಎದೆಯುರಿ ಮತ್ತು ಚರ್ಮ ಜೋತುಬೀಳುವುದು ಸಾಮಾನ್ಯ.

ಪೋಷಕಾಂಶಗಳ ಕೊರತೆ

ದೇಹದಲ್ಲಿರುವ ಸಂಗ್ರಹವನ್ನು ಅವಲಂಬಿಸಿ ಕೊರತೆಗಳು ಬೇರೆಬೇರೆ ಕಾಲದಲ್ಲಿ ಪ್ರಕಟವಾಗುತ್ತವೆ. ಥಯಾಮಿನ್ (ಬಿ1 ಜೀವಸತ್ವ) ಸಂಗ್ರಹವು ಕೆಲವೇ ವಾರಗಳಿಗೆ ಸಾಕಾಗುತ್ತದೆ. ಬಿಡದೆ ವಾಂತಿಯಾಗುತ್ತಿರುವ ರೋಗಿಯಲ್ಲಿ ನಡಿಗೆ ತೂರಾಡುವುದು, ದೃಷ್ಟಿ ಎರಡಾಗುವುದು ಅಥವಾ ಗೊಂದಲ ಕಂಡುಬಂದರೆ ಅದು ವರ್ನಿಕೆ ಎನ್ಸೆಫಲೋಪತಿ ಎಂಬ ಮೆದುಳಿನ ತುರ್ತು ಸ್ಥಿತಿಯಾಗಿರಬಹುದು. ಅಂಥವರಿಗೆ ಗ್ಲೂಕೋಸ್ ಡ್ರಿಪ್ ಒಂದನ್ನೇ ಹಾಕಿದರೆ ಸ್ಥಿತಿ ಉಲ್ಬಣಿಸಬಹುದು. ಥಯಾಮಿನ್ ಚುಚ್ಚುಮದ್ದನ್ನು ತಡಮಾಡದೆ ಕೊಡಬೇಕು.

ಇದಕ್ಕೆ ವ್ಯತಿರಿಕ್ತವಾಗಿ ಬಿ12 ಜೀವಸತ್ವದ ಸಂಗ್ರಹವು ಯಕೃತ್ತಿನಲ್ಲಿ ವರ್ಷಗಳ ಕಾಲ ಉಳಿಯುತ್ತದೆ. ಮಾತ್ರೆ ನಿಲ್ಲಿಸಿದ ರೋಗಿಗೆ ಬಹುಕಾಲ ಏನೂ ತಿಳಿಯುವುದಿಲ್ಲ. ನಂತರ ರಕ್ತಹೀನತೆ, ಕೈಕಾಲುಗಳಲ್ಲಿ ಜೋಮು ಮತ್ತು ನರಹಾನಿ ಕಾಣಿಸಿಕೊಳ್ಳಬಹುದು. ನರಹಾನಿ ಶಾಶ್ವತವಾಗುವ ಸಂಭವವೂ ಇದೆ. ಸಸ್ಯಾಹಾರಿಗಳಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲೇ ಈ ಕೊರತೆಯಿರುವ ಸಾಧ್ಯತೆ ಹೆಚ್ಚು. ಕಬ್ಬಿಣದ ಕೊರತೆ ಮುಟ್ಟಾಗುವ ಮಹಿಳೆಯರಲ್ಲಿ ಅಧಿಕ. ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವದ ಕೊರತೆಯಿಂದ ಮೂಳೆ ಸವೆಯುತ್ತದೆ. ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕಾಗುತ್ತದೆ. ಅದನ್ನು ಬಿಡಿಬಿಡಿಯಾಗಿ, ಕಬ್ಬಿಣದ ಮಾತ್ರೆಯಿಂದ ಎರಡು ಗಂಟೆಗಳ ಅಂತರದಲ್ಲಿ ಸೇವಿಸಬೇಕು.

ಔಷಧಗಳು, ಮದ್ಯ ಮತ್ತು ತಂಬಾಕು

ಮಧುಮೇಹ ಇರುವವರಲ್ಲಿ ಸಕ್ಕರೆಯ ಮಟ್ಟವು ತೂಕ ಇಳಿಯುವ ಮೊದಲೇ ತಗ್ಗುತ್ತದೆ. ಇನ್ಸುಲಿನ್ ಮತ್ತು ಮಾತ್ರೆಗಳ ಪ್ರಮಾಣವನ್ನು ವೈದ್ಯರು ಕೂಡಲೇ ಮರುಪರಿಶೀಲಿಸದಿದ್ದರೆ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು. ರಕ್ತದೊತ್ತಡದ ಔಷಧಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವುನಿವಾರಕಗಳು ಬೈಪಾಸ್ ಆದವರಲ್ಲಿ ಜೋಡಣೆಯ ಸ್ಥಳದಲ್ಲಿ ಹುಣ್ಣು ಉಂಟುಮಾಡಬಲ್ಲವು. ಧೂಮಪಾನವೂ ಅದಕ್ಕೆ ಕಾರಣ. ಮದ್ಯವು ಮೊದಲಿಗಿಂತ ವೇಗವಾಗಿ ರಕ್ತವನ್ನು ಸೇರುತ್ತದೆ, ಮತ್ತು ಬೈಪಾಸ್‌ನ ನಂತರದ ವರ್ಷಗಳಲ್ಲಿ ಮದ್ಯವ್ಯಸನದ ಅಪಾಯ ಹೆಚ್ಚುತ್ತದೆ.

ಅಪಾಯದ ಲಕ್ಷಣಗಳು

ಮೊದಲ ವಾರಗಳಲ್ಲಿ ಹೊಲಿಗೆಯ ಸ್ಥಳದಿಂದ ಸೋರಿಕೆಯಾಗುವುದು ಅತ್ಯಂತ ಗಂಭೀರ ತೊಡಕು. ನಾಡಿಬಡಿತ ನಿಮಿಷಕ್ಕೆ 120ನ್ನು ಮೀರಿ ನಿಲ್ಲುವುದು, ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು ಮತ್ತು ಏದುಸಿರು ಇದರ ಲಕ್ಷಣಗಳು. ಸ್ಥೂಲಕಾಯರಲ್ಲಿ ಹೊಟ್ಟೆ ಗಟ್ಟಿಯಾಗುವಂತಹ ಚಿಹ್ನೆಗಳು ಸ್ಪಷ್ಟವಾಗಿ ಕಾಣದಿರಬಹುದಾದ್ದರಿಂದ ನಾಡಿಬಡಿತದ ಏರಿಕೆಯನ್ನು ನಿರ್ಲಕ್ಷಿಸಬಾರದು. ಕಾಲಿನ ಊತ, ಹಠಾತ್ ಎದೆನೋವು, ರಕ್ತವಾಂತಿ, ಕಪ್ಪು ಮಲ ಮತ್ತು ನೀರೂ ನಿಲ್ಲದಂತಹ ವಾಂತಿಗೂ ತುರ್ತು ಚಿಕಿತ್ಸೆ ಬೇಕು.

ಬೈಪಾಸ್ ಆದವರಲ್ಲಿ ವರ್ಷಗಳ ನಂತರ ಆಂತರಿಕ ಹರ್ನಿಯಾ ಉಂಟಾಗಬಹುದು. ಒಳಗಿನ ಕೊಬ್ಬು ಕರಗಿದಂತೆ ಕರುಳಿನ ಪೊರೆಗಳ ನಡುವಿನ ಸಂದುಗಳು ಹಿಗ್ಗಿ, ಅವುಗಳಲ್ಲಿ ಕರುಳು ಸಿಲುಕುತ್ತದೆ. ನೋವು ಬಂದು ಹೋಗುತ್ತಿರುವುದರಿಂದ ಅದನ್ನು ಗ್ಯಾಸ್ ಎಂದು ತಿಳಿಯುವ ಸಂಭವವಿದೆ. ಎಂಡೋಸ್ಕೋಪಿ ಸಹಜವಾಗಿದ್ದರೂ ಸಿ.ಟಿ. ಸ್ಕ್ಯಾನ್ ಅಥವಾ ಲ್ಯಾಪರೊಸ್ಕೋಪಿ ಅಗತ್ಯವಾಗಬಹುದು. ಚಿಕಿತ್ಸೆ ತಡವಾದರೆ ಕರುಳಿನ ಭಾಗ ಕೊಳೆಯುತ್ತದೆ. ಆದ್ದರಿಂದ ಯಾವ ವಿಧದ ಶಸ್ತ್ರಚಿಕಿತ್ಸೆ ನಡೆದಿದೆ ಎಂಬ ವಿವರವುಳ್ಳ ಡಿಸ್ಚಾರ್ಜ್ ಪತ್ರವನ್ನು ಜೋಪಾನವಾಗಿರಿಸಿಕೊಂಡು, ಹೊಸ ವೈದ್ಯರಿಗೆ ತೋರಿಸುವುದು ಸೂಕ್ತ.

ಗರ್ಭಧಾರಣೆ

ತೂಕ ಇಳಿದಂತೆ ಮಹಿಳೆಯರಲ್ಲಿ ಫಲವತ್ತತೆ ಹೆಚ್ಚುತ್ತದೆ. ಆದರೆ 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಲು ಸಲಹೆ ನೀಡಲಾಗುತ್ತದೆ. ಬೈಪಾಸ್ ನಂತರ ಗರ್ಭನಿರೋಧಕ ಮಾತ್ರೆಗಳು ಪೂರ್ಣವಾಗಿ ಹೀರಲ್ಪಡದಿರಬಹುದಾದ್ದರಿಂದ ಇತರ ವಿಧಾನಗಳನ್ನು ಸೂಚಿಸುತ್ತಾರೆ.

ಮಾನಸಿಕ ಆರೋಗ್ಯ

ಬಹುತೇಕರಲ್ಲಿ ಮನಃಸ್ಥಿತಿ ಮತ್ತು ಆತ್ಮವಿಶ್ವಾಸ ಸುಧಾರಿಸುತ್ತವೆ. ಆದರೆ ಕೆಲವರಲ್ಲಿ ಒಂದೆರಡು ವರ್ಷಗಳ ನಂತರ ಖಿನ್ನತೆ ಮರುಕಳಿಸುತ್ತದೆ. ಸ್ವಹಾನಿಯ ಅಪಾಯ ಹೆಚ್ಚುವುದೂ ಅಧ್ಯಯನಗಳಲ್ಲಿ ಕಂಡುಬಂದಿದೆ. ಹಬ್ಬ, ಮದುವೆಗಳಲ್ಲಿ ಬಡಿಸುವವರ ಒತ್ತಾಯವನ್ನು ನಿರಾಕರಿಸುವುದೂ ಕಷ್ಟವಾಗುತ್ತದೆ. ಮನೆಯವರಿಗೆ ಆಹಾರದ ನಿಯಮಗಳ ಅರಿವಿದ್ದರೆ ಚೇತರಿಕೆ ಸುಗಮವಾಗುತ್ತದೆ.

ದೀರ್ಘಕಾಲದ ತಪಾಸಣೆ

ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್, ಕಬ್ಬಿಣ, ಬಿ12, ಡಿ ಜೀವಸತ್ವ ಮತ್ತು ಕ್ಯಾಲ್ಸಿಯಂ ಪರೀಕ್ಷೆಗಳನ್ನು ಮಾಡಿಸಬೇಕು. 1987ರಲ್ಲಿ ಆರಂಭವಾದ ಸ್ವೀಡನ್ನಿನ ದೀರ್ಘಾವಧಿ ಅಧ್ಯಯನವು, ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಮರಣ ಪ್ರಮಾಣ ಕಡಿಮೆಯಿರುವುದನ್ನು 2007ರಲ್ಲಿ ವರದಿ ಮಾಡಿತು. ಈ ಪ್ರಯೋಜನವನ್ನು ಉಳಿಸಿಕೊಳ್ಳಲು, ತಡವಾಗಿ ಬರುವ ಕೊರತೆಗಳನ್ನು ಲಕ್ಷಣಗಳು ಕಾಣುವ ಮುನ್ನವೇ ರಕ್ತಪರೀಕ್ಷೆಯಿಂದ ಗುರುತಿಸುವುದು ಅಗತ್ಯ.