ಲಾಸ್ ಪತ್ರೋನಾಸ್
ಮೆಕ್ಸಿಕೋದ ವೆರಾಕ್ರೂಸ್ ರಾಜ್ಯದಲ್ಲಿ, ಸರಕು ರೈಲುಗಳ ಮೇಲೇರಿ ಉತ್ತರಕ್ಕೆ ಸಾಗುವ ನಿರಾಶ್ರಿತರಿಗೆ ಹಾಗೂ ವಲಸಿಗರಿಗೆ ಉಚಿತವಾಗಿ ಆಹಾರ ಒದಗಿಸುವ ಗ್ರಾಮೀಣ ಮಹಿಳೆಯರ ಸ್ವಯಂಸೇವಾ ಬಳಗ. 1995ರಲ್ಲಿ ಲಾ ಪತ್ರೋನಾ ಗ್ರಾಮದ ಒಂದೇ ಕುಟುಂಬದ ಹೆಂಗಸರಿಂದ ಆರಂಭವಾಯಿತು. ಊರಿನ ಹೆಸರೇ ಬಳಗಕ್ಕೂ ಬಂತು. ಮುಂದಾಳು ನೋರ್ಮಾ ರೊಮೆರೊ. ಹೊಂಡುರಾಸ್, ಗ್ವಾಟೆಮಾಲಾ, ಎಲ್ ಸಾಲ್ವಡಾರ್‌ಗಳ ಬಡತನ, ಹಿಂಸಾಚಾರಗಳಿಂದ ಪಾರಾಗಿ ಬಂದವರೇ ಆಹಾರ ಪಡೆಯುವವರಲ್ಲಿ ಹೆಚ್ಚು. ಅನ್ನ, ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ರೊಟ್ಟಿಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಹಳಿಯ ಪಕ್ಕ ನಿಂತು, ಓಡುವ ರೈಲಿನಲ್ಲಿರುವವರ ಕೈಗೆ ನೀಡುತ್ತಾರೆ ಇಲ್ಲವೆ ಎಸೆಯುತ್ತಾರೆ. ನೀರಿನ ಬಾಟಲಿಗಳನ್ನು ಜೋಡಿ ಜೋಡಿಯಾಗಿ ದಾರದಿಂದ ಬಿಗಿಯುವುದು ಇವರ ಜಾಣ ಕ್ರಮ. ಚಾಚಿದ ತೋಳಿಗೆ ದಾರ ಸುಲಭವಾಗಿ ಸಿಕ್ಕಿಕೊಳ್ಳುತ್ತದೆ. ಸ್ವಂತ ಅಡುಗೆಮನೆಯ ದಿನಸಿಯಿಂದ ತೊಡಗಿದ ಕೆಲಸ ಮುಂದೆ ದಾನಿಗಳ ನೆರವಿನಿಂದ ವಿಸ್ತರಿಸಿತು. 2013ರಲ್ಲಿ ಬಳಗದ ಸೇವೆಗಾಗಿ ಮೆಕ್ಸಿಕೋದ ರಾಷ್ಟ್ರೀಯ ಮಾನವ ಹಕ್ಕುಗಳ ಪ್ರಶಸ್ತಿ ಸಂದಿತು.