ಸೂಲಗಿತ್ತಿಗೆ ಎಷ್ಟು ಅಂಕ?

ಪುಣೆಯಿಂದ ಮಾತಾಡ್ತಿದೀನಿ. ಯಾವ ಕೆಲಸ ಬರೀ ಕಸುಬು, ಯಾವುದು 'ಪ್ರೊಫೆಷನ್'? ಇದನ್ನ ಅಳೆಯೋಕೆ ಆಗುತ್ತಾ? ಇವತ್ತು ಅದನ್ನೇ ನೋಡೋಣ.

1964ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಹೆರಾಲ್ಡ್ ವಿಲೆನ್ಸ್ಕಿ 18 ವೃತ್ತಿಗಳ ಇತಿಹಾಸ ಕೆದಕಿ ಒಂದು ಕ್ರಮ ಗುರುತಿಸಿದರು. ಮೊದಲು ಅದು ಪೂರ್ಣಾವಧಿ ಕೆಲಸವಾಗಬೇಕು. ಆಮೇಲೆ ತರಬೇತಿ ಶಾಲೆ, ವಿಶ್ವವಿದ್ಯಾಲಯದ ಪದವಿ, ಸ್ಥಳೀಯ ಸಂಘ, ರಾಷ್ಟ್ರೀಯ ಸಂಘ, ಲೈಸೆನ್ಸ್ ಕಾಯ್ದೆ, ಕೊನೆಗೆ ನೀತಿಸಂಹಿತೆ. ಒಟ್ಟು ಏಳು ಮೆಟ್ಟಿಲು.

ನಮ್ಮ ದೇಶಕ್ಕೆ ಹಚ್ಚಿ ನೋಡಿ. ಪುಣೆಯಲ್ಲಿ ಎಂಜಿನಿಯರಿಂಗ್ ಶಾಲೆ ಶುರುವಾಗಿದ್ದು 1854ರಲ್ಲಿ. ಅದೇ ಮುಂದೆ ಕಾಲೇಜಾಯ್ತು, ನಮ್ಮ ವಿಶ್ವೇಶ್ವರಯ್ಯನವರು ಓದಿದ್ದು ಅಲ್ಲೇ. 1920ರಲ್ಲಿ ಎಂಜಿನಿಯರುಗಳ ರಾಷ್ಟ್ರೀಯ ಸಂಸ್ಥೆಯೂ ಬಂತು. ಆದರೆ ವಕೀಲರಿಗೆ 1961ರಲ್ಲಿ, ಆರ್ಕಿಟೆಕ್ಟ್‌ಗಳಿಗೆ 1972ರಲ್ಲಿ ಬಂದಂಥ ಕೇಂದ್ರ ಕಾಯ್ದೆ ಎಂಜಿನಿಯರುಗಳಿಗೆ ಆಗ ಬರಲಿಲ್ಲ. ಇನ್ನು ಆರ್ಕಿಟೆಕ್ಟ್ ಕಾಯ್ದೆ ಕಾಯೋದು ಆ ಹೆಸರನ್ನ ಮಾತ್ರ, ಕೆಲಸವನ್ನ ಅಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಎಲ್ಲರೂ ಒಂದೇ ಸಾಲಿನಲ್ಲಿ ಮೆಟ್ಟಿಲು ಹತ್ತಲ್ಲ.

ಈಗ ನಮ್ಮಜ್ಜಿ. ಆಕೆ ಊರಿನ ಸೂಲಗಿತ್ತಿ. ಹಗಲು ಹೊಲದ ಕೆಲಸ, ಕರೆ ಬಂದರೆ ಹೆರಿಗೆ. ಕೊಟ್ಟದ್ದು ಒಂದು ಮೊರ ಅಕ್ಕಿ, ಕುಪ್ಪಸದ ಕಣ, ಎಲೆಅಡಿಕೆ. ಮೊದಲನೇ ಮೆಟ್ಟಿಲಲ್ಲೇ ಅಜ್ಜಿ ನಪಾಸು! ಆದರೂ ಯಾವ ಕೇರಿಯಿಂದ ಕರೆದರೂ ಹೋಗ್ತಿದ್ದಳು, ಒಂದು ಮನೆಯ ಗುಟ್ಟು ಇನ್ನೊಂದು ಮನೆಗೆ ಹೇಳ್ತಿರಲಿಲ್ಲ. ಏಳನೇ ಮೆಟ್ಟಿಲು ಆಕೆಯ ಹತ್ತಿರ ಬಾಯಿಮಾತಲ್ಲೇ ಇತ್ತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮ್ಮನೇಲಿ ಎಲ್ಲರಿಗೂ ಅಜ್ಜಿಯೇ ನೆನಪಾದಳು.

ಹಾಗಂತ ಅಳತೆಗೋಲು ಬಿಸಾಡಿ ಅನ್ನಲ್ಲ. ನಮ್ಮ ದೊಡ್ಡತ್ತೆ ತೀರಿಕೊಂಡಿದ್ದು ಚೊಚ್ಚಲ ಹೆರಿಗೆಯಲ್ಲಿ, ಅಜ್ಜಿಯ ಕೈಯಲ್ಲೇ. ಎಲ್ಲಿ ತಪ್ಪಾಯಿತು ಅಂತ ಕೇಳಿದವರಿಲ್ಲ, ಬರೆದಿಟ್ಟವರಿಲ್ಲ. ಹಣೆಬರಹ ಅಂದರು, ಮುಗೀತು. ಅಜ್ಜಿ ಮಾತ್ರ ಸಾಯೋವರೆಗೂ "ಗಾಡಿ ಬೇಗ ಕಟ್ಟಿಸಬೇಕಿತ್ತು" ಅಂತಿದ್ದಳು. ಅವಳಿಗೆ ಕಲಿಸೋ ಶಾಲೆ, ಜೊತೆಗೆ ಕೂತು ಲೆಕ್ಕ ಹಾಕೋ ಸಂಘ ಇದ್ದಿದ್ದರೆ ಆ ಮಾತು ಮುಂದಿನ ಬಾಣಂತಿಗಾದರೂ ಉಪಯೋಗಕ್ಕೆ ಬರ್ತಿತ್ತು.

ಹಾಗಾಗಿ ವಿಲೆನ್ಸ್ಕಿ ಮೆಟ್ಟಿಲಿಂದ ಕೈಗುಣ ತಿಳಿಯಲ್ಲ. ತಪ್ಪಾದಾಗ ಕೇಳೋಕೆ ಒಂದು ಜಾಗ ಇದೆಯಾ ಅನ್ನೋದು ತಿಳಿಯುತ್ತೆ. ನಿಮ್ಮ ಮನೆಯ ಹಿರಿಯರ ಕಸುಬು ಎಷ್ಟನೇ ಮೆಟ್ಟಿಲಲ್ಲಿತ್ತು? ಕೇಳಿ ನೋಡಿ, ನಮಗೂ ಬರೆದು ತಿಳಿಸಿ.