ಪುಂಡಿಯ ಸೊಪ್ಪು

ಚರಿತ್ರೆಯೆಂದರೆ ಅರಸರ ವಂಶಾವಳಿಯೆಂದು ಬಹುಕಾಲ ಕಲಿಸಿದ್ದೇವೆ. ಅಡಿಗೆಮನೆಯ ಸೊಪ್ಪಿಗೂ ಚರಿತ್ರೆಯುಂಟೆಂದರೆ ವಿದ್ಯಾರ್ಥಿಗಳು ನಗುವರು. ಆದರೂ ಆದವಾನಿ, ರಾಯದುರ್ಗಗಳ ಕಡೆಯ ನಾವು ಪುಂಡಿಯ ವಿಷಯ ಬರೆಯದಿದ್ದರೆ ಬೇರೆ ಯಾರು ಬರೆದಾರು?

ಪುಂಡಿಯು ಈ ನೆಲದಲ್ಲಿ ಹುಟ್ಟಿದ್ದಲ್ಲ. ಅದರ ತವರು ಆಫ್ರಿಕ ಖಂಡವೆಂದು ಸಸ್ಯಶಾಸ್ತ್ರಜ್ಞರ ಮತ. ದಾಸವಾಳದ ಕುಲಕ್ಕೆ ಸೇರಿದ ಈ ಗಿಡವನ್ನು ನಮ್ಮ ರೈತರು ಜೋಳ, ಹತ್ತಿಗಳ ಹೊಲದಂಚಿನಲ್ಲಿ ಸಾಲುಹಿಡಿದು ಬಿತ್ತುತ್ತಿದ್ದರು. ಸೊಪ್ಪಿನಷ್ಟೇ ಅವರಿಗೆ ನಾರೂ ಬೇಕಾಗಿತ್ತು. ಬಲಿತ ಕಡ್ಡಿಗಳನ್ನು ಕಟ್ಟು ಕಟ್ಟಿ ನೀರಿನಲ್ಲಿ ಕೊಳೆಯಿಟ್ಟು, ಸುಲಿದು, ತೊಳೆದು ಒಣಗಿಸಿ, ದನ ಕಟ್ಟುವ ಕಣ್ಣಿಯನ್ನೂ ಹೊರೆ ಕಟ್ಟುವ ಹಗ್ಗವನ್ನೂ ಹೊಸೆಯುತ್ತಿದ್ದರು. ತೆಲುಗು ಕರಾವಳಿಯಲ್ಲಿ ಇದೇ ನಾರು ಭೀಮುನಿಪಟ್ಟಣದ ರೇವಿನಿಂದ ಹಡಗೇರಿ, ಆ ಊರಿನ ಹೆಸರಿನಲ್ಲಿಯೇ 'ಬಿಮ್ಲಿ ಸೆಣಬು' ಎಂದು ಪರದೇಶದ ಪೇಟೆಗಳಲ್ಲಿ ಪ್ರಸಿದ್ಧವಾಯಿತು. ನೈಲಾನ್ ಹಗ್ಗ ಬಂದಿತು. ನಾರನ್ನು ಕೇಳುವವರು ಕಡಿಮೆಯಾದರು. ಸೊಪ್ಪು ಮಾತ್ರ ಉಳಿಯಿತು.

ಉಳಿದುದಕ್ಕೆ ಕಾರಣ ಅದರ ಹುಳಿ. ಹುಣಿಸೆಯನ್ನು ಕೊಳ್ಳಲಾರದ ಮನೆಗೆ ಹಿತ್ತಲ ಪುಂಡಿಯೇ ಹುಳಿ. ತೊಗರಿಬೇಳೆ, ಜೋಳದ ನುಚ್ಚುಗಳೊಡನೆ ಸೊಪ್ಪನ್ನು ಮಡಕೆಯಲ್ಲಿ ಬೇಯಿಸಿ, ಹಸಿಮೆಣಸಿನಕಾಯಿ ಹಾಕಿ ಕಡೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಜೋಳದ ರೊಟ್ಟಿಗೆ ಬೇರೇನೂ ಬೇಡ. ಮಡಕೆಯೆಂದುದು ಸುಮ್ಮನಲ್ಲ: ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಗಳಲ್ಲಿ ಈ ಹುಳಿಗೆ ಕಿಲುಬೇಳುವುದನ್ನು ನಮ್ಮ ಅಜ್ಜಿಯರು ರಸಾಯನಶಾಸ್ತ್ರವನ್ನು ಓದದೆಯೇ ಬಲ್ಲರು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಮೈಸೂರಿಗೆ ಸೇರಿತು. ಗಡಿಯ ಎರಡು ಕಡೆಗೂ ಹೊಲದಲ್ಲಿ ಅದೇ ಗಿಡ. ನಮ್ಮ ಪೇಟೆಯಲ್ಲಿ ಅದು ಗೋಂಗೂರ; ಸೊಲ್ಲಾಪುರದ ನಮ್ಮವರಿಗೆ ಸಂತೆಯಲ್ಲಿ ಅಂಬಾಡಿ. ಆ ಮಾತುಗಳ ಮೇಲೆ ನಮಗೆ ಮುನಿಸಿಲ್ಲ. ತೆಲುಗರ ಗೋಂಗೂರ ಪಚ್ಚಡಿಯನ್ನು ನಾವೂ ಚಪ್ಪರಿಸಿ ಉಣ್ಣುವವರೇ. ಆದರೆ ಈಚೆಗೆ ತರಗತಿಯಲ್ಲಿ ಸೊಪ್ಪಿನ ಕಟ್ಟೊಂದನ್ನು ತೋರಿಸಿ ಹೆಸರು ಕೇಳಿದೆವು. ಮನೆಯಲ್ಲಿ ಕನ್ನಡವನ್ನೇ ಆಡುವ ಮಕ್ಕಳೂ ಗೋಂಗೂರವೆಂದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಮಾತ್ರ ಮೆಲ್ಲಗೆ, "ನಮ್ಮವ್ವ ಪುಂಡಿಪಲ್ಯ ಅಂತಾಳ್ರೀ" ಎಂದಳು. ಪುಂಡಿಯ ನಾರನ್ನು ನೋಡಿರುವೆಯಾ ಎಂದು ಕೇಳಿದರೆ ಅವಳಿಗೂ ತಿಳಿಯದು. ಅಜ್ಜನನ್ನು ಕೇಳಿ ಬಾ ಎಂದೆವು. ಮರುದಿನ ಅವಳು ಮೊಳದುದ್ದದ ಹಳೆಯ ಹಗ್ಗದ ತುಂಡೊಂದನ್ನು ತಂದು ನಮ್ಮ ಮೇಜಿನ ಮೇಲಿಟ್ಟಳು.